ತಲೆಗೆ ಎಣ್ಣೆ ಹಚ್ಚಿ ಬರಬೇಡಿ

ಠಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಘೋಡಬಂದರ್ ರಸ್ತೆಯ ಬಸ್ಸು ಹತ್ತಿದರೆ ಕಂಡಕ್ಟರನ ಬಾಯಲ್ಲಿ ಹಳ್ಳಿಗಳ ಹೆಸರು ಒಂದೊಂದಾಗಿ ಬರುತ್ತವೆ. ಮಾಜಿವಾಡ, ಕಾಪುರಬಾವಡಿ, ಮಾನಪಾಡ, ಪಾತಲೀಪಾಡ, ವಾಘಬೀಳ, ಕಾಸಾರವಡವಲಿ. ವಾಘಬೀಳ ಅಂದರೆ ಹುಲಿಯ ಬಿಲ. ಕಿಟಕಿಯಾಚೆ ಹುಲಿಯೂ ಇಲ್ಲ, ಹಳ್ಳಿಯೂ ಇಲ್ಲ. ಮೆಟ್ರೋದ ಕಂಬಗಳು, ಅವುಗಳ ಹಿಂದೆ ಆಕಾಶಕ್ಕೆ ಏಣಿ ಹಾಕಿದಂಥ ಕಟ್ಟಡಗಳು. ಎಡಗಡೆ ಯೇಊರಿನ ಗುಡ್ಡ, ಅದರ ಬೆನ್ನಿಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಬಲಗಡೆ ಕಟ್ಟಡಗಳ ಸಂದಿಯಲ್ಲಿ ಆಗಾಗ ಖಾಡಿಯ, ಅಂದರೆ ಅಳಿವೆಯ, ನೀರು ಮಿಂಚುತ್ತದೆ. ರಸ್ತೆಯ ತುದಿಯಲ್ಲಿ ಪೋರ್ಚುಗೀಸರ ಹಳೆಯ ಕೋಟೆ. ಅರಬರ ಕುದುರೆಗಳು ಇಳಿಯುತ್ತಿದ್ದ ಬಂದರು, ಹಾಗಾಗಿ ಘೋಡಬಂದರ್ ಅನ್ನುತ್ತಾರೆ.

ಕುದುರೆ ಇಳಿಯುತ್ತಿದ್ದ ಕಡೆ ಈಗ ಸಂಸಾರಗಳು ಇಳಿದಿವೆ. ಹೋಟೆಲು ನಡೆಸುವ ಕರಾವಳಿಯವರು, ಬ್ಯಾಂಕಿನಿಂದ ನಿವೃತ್ತರಾದ ಧಾರವಾಡದ ಕಡೆಯವರು, ಕಂಪ್ಯೂಟರ್ ಕೆಲಸಕ್ಕೆ ಬಂದ ಮೈಸೂರು ಬೆಂಗಳೂರಿನವರು, ಈ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಕಲಬುರಗಿ, ಯಾದಗಿರಿಯವರು. ಲಿಫ್ಟಿನಲ್ಲಿ ನಿಂತು ಕಿವಿಗೊಟ್ಟರೆ ನಾಲ್ಕು ಬಗೆಯ ಕನ್ನಡ ಕೇಳುತ್ತದೆ. ಎಳೆಯ ಸಂಸಾರಗಳ ರಸ್ತೆಯಾದ್ದರಿಂದ ಮಕ್ಕಳ ಆಸ್ಪತ್ರೆಗಳೂ ಹೆಜ್ಜೆಗೊಂದು. ಅಂಥದೊಂದು ಆಸ್ಪತ್ರೆಯ ಮೊದಲ ಮಾಳಿಗೆಗೆ ನಾನು ಹೋಗಿದ್ದೆ. ಹೆಸರು ಬರೆಯಬಾರದು, ಮಕ್ಕಳ ಚಿತ್ರ ತೆಗೆಯಬಾರದು ಎಂಬ ಎರಡು ಷರತ್ತಿಗೆ ಒಪ್ಪಿದ ಮೇಲೆ ಒಳಗೆ ಬಿಟ್ಟರು.

ನೋಡಬೇಕಿದ್ದದ್ದು ಇಇಜಿ ಕೋಣೆಯನ್ನು. ಮಕ್ಕಳ ಮಿದುಳಿನ ವಿದ್ಯುತ್ತನ್ನು ಗೆರೆಗೆರೆಯಾಗಿ ಬರೆದುಕೊಳ್ಳುವ ಕೋಣೆ. ಮೂರ್ಛೆರೋಗ, ಅಪಸ್ಮಾರ, ಫಿಟ್ಸ್ ಎಂದು ನಾವು ಅನ್ನುವುದನ್ನು, ಮರಾಠಿಯವರು ಆಕಡಿ, ಫೇಫರೆ, ಮಿರ್ಗಿ ಅನ್ನುವುದನ್ನು, ಇಲ್ಲಿ ಹುಡುಕುತ್ತಾರೆ. ಬಾಗಿಲ ಪಕ್ಕದಲ್ಲಿ ಒಂದು ಸೂಚನಾ ಹಲಗೆ ಇದೆ. ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆಯಿರಿ. ತಲೆಗೆ ಎಣ್ಣೆ ಹಚ್ಚಿ ಬರಬೇಡಿ. ರಾತ್ರಿ ಮಗುವನ್ನು ತಡವಾಗಿ ಮಲಗಿಸಿ, ಬೇಗ ಎಬ್ಬಿಸಿ. ಹಸಿದ ಹೊಟ್ಟೆಯಲ್ಲಿ ಕರೆತರಬೇಡಿ. ಮಾತ್ರೆ ತಪ್ಪಿಸಬೇಡಿ.

ಹಲಗೆಯ ಕೆಳಗಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ತೊಡೆಯ ಮೇಲೆ ಆರೇಳು ವರ್ಷದ ಮೊಮ್ಮಗ, ಬೆಳಗಿನ ನಾಲ್ಕಕ್ಕೇ ಎಬ್ಬಿಸಿದ್ದರಿಂದ ಅರೆನಿದ್ದೆಯಲ್ಲಿ. ಅವನ ತಲೆ ಮುಟ್ಟಿ ನೋಡಿ ಅಜ್ಜಿ ತಮ್ಮಷ್ಟಕ್ಕೇ, "ಎಣ್ಣೆ ಕಾಣದ ತಲೆ ತೆಂಗಿನ ನಾರಿದ್ದಂಗೆ ಆಗದೆ," ಅಂದರು. ಮಂಡ್ಯದ ಸೀಮೆಯ ಮಾತು. ನಾನು ಕನ್ನಡದಲ್ಲಿ ಮಾತಾಡಿಸಿದೆ. ಮುಖ ಅರಳಿತು.

ಟೇಪು, ಪೆನ್ಸಿಲು, ಅಂಟು

ಒಳಗಿನ ಕೋಣೆ ಚಿಕ್ಕದು. ಒಂದು ಮಂಚ, ಅದರ ತಲೆದೆಸೆಗೆ ತಂತಿಗಳ ಗೊಂಚಲು, ಗೋಡೆಗೆ ಕ್ಯಾಮೆರಾ, ಮೇಜಿನ ಮೇಲೆ ಕಂಪ್ಯೂಟರ್. ಯಂತ್ರದ ದೊಡ್ಡ ಸದ್ದು, ಸುರಂಗದೊಳಗೆ ಜಾರಿಸುವ ಹಲಗೆ, ಇಂಜೆಕ್ಷನ್ನು, ಏನೂ ಇಲ್ಲ. ಟೆಕ್ನಿಷಿಯನ್ ಹೆಂಗಸು ಮಾಡಿದ ಮೊದಲ ಕೆಲಸ ದರ್ಜಿಯ ಕೆಲಸ. ಹುಡುಗನ ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ ಟೇಪು ಹಿಡಿದಳು. ಕಿವಿಯಿಂದ ಕಿವಿಗೆ ಹಿಡಿದಳು. ಬಂದ ಅಳತೆಯನ್ನು ನೂರು ಪಾಲು ಎಂದುಕೊಂಡು ಹತ್ತು ಪಾಲಿಗೊಂದು, ಇಪ್ಪತ್ತು ಪಾಲಿಗೊಂದು ಗುರುತು ಹಾಕಿದಳು. ಹತ್ತು ಇಪ್ಪತ್ತರ ಪದ್ಧತಿ ಎಂದೇ ಇದಕ್ಕೆ ಹೆಸರು. 1958ರಲ್ಲಿ ಹರ್ಬರ್ಟ್ ಜಾಸ್ಪರ್ ಇದನ್ನು ಪ್ರಕಟಿಸಿದ. ತಲೆ ಕೂಸಿನದಾಗಲಿ ಪೈಲ್ವಾನನದಾಗಲಿ, ಠಾಣೆಯದಾಗಲಿ ಟೋಕಿಯೋದ್ದಾಗಲಿ, ಅದೇ ಬಿಂದು ಮಿದುಳಿನ ಅದೇ ಭಾಗದ ಮೇಲೆ ಬೀಳಬೇಕು, ಅಷ್ಟೇ ಉದ್ದೇಶ.

ಗುರುತು ಬಿದ್ದಲ್ಲಿ ಕೂದಲು ಬಿಡಿಸಿ, ಮರಳು ಬೆರೆಸಿದಂತಿದ್ದ ಒಂದು ಜೆಲ್ ಹಾಕಿ ಚರ್ಮ ಉಜ್ಜಿ, ಬಿಳಿಯ ಅಂಟಿನಲ್ಲಿ ಪುಟ್ಟ ಲೋಹದ ಬಟ್ಟಲು ಕೂರಿಸುತ್ತಾಳೆ. ತಲೆಯ ಮೇಲೆ ಹತ್ತೊಂಬತ್ತು, ಕಿವಿಗೆ ಎರಡು. ಎಣ್ಣೆ ಯಾಕೆ ಬೇಡವೆಂದು ಆಗ ತಿಳಿಯಿತು. ಮಿದುಳಿನಿಂದ ಚರ್ಮದವರೆಗೆ ಬರುವ ವಿದ್ಯುತ್ತು ಮೈಕ್ರೋವೋಲ್ಟಿನ ಲೆಕ್ಕದ್ದು. ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು ಮೂವತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಐವತ್ತು ಮೈಕ್ರೋವೋಲ್ಟ್. ಈ ಗೆರೆಗಳ ಎತ್ತರ ಹೆಚ್ಚುಕಡಿಮೆ ಅಷ್ಟೇ. ನಡುವೆ ತೆಂಗಿನೆಣ್ಣೆಯ ಪದರ ಬಂದರೆ ಮಿದುಳಿನ ಮಾತು ಮಸುಕಾಗುತ್ತದೆ, ಗೋಡೆಯ ವೈರಿನ ಗದ್ದಲ ಮುಂದಾಗುತ್ತದೆ. ಅದಕ್ಕೇ ಎಲ್ಲರ ಮೊಬೈಲೂ ಹೊರಗೆ.

ಈ ಗೆರೆಗಳನ್ನು ಮನುಷ್ಯನ ತಲೆಯಿಂದ ಮೊದಲು ತೆಗೆದವನು ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. 1924ರಲ್ಲಿ ತೆಗೆದ, ಐದು ವರ್ಷ ಯಾರಿಗೂ ತೋರಿಸದೆ ತಾನೇ ಅನುಮಾನಿಸುತ್ತ ಕೂತ, 1929ರಲ್ಲಿ ಪ್ರಕಟಿಸಿದ. ತಂತಿಗೆ ತಲೆ ಕೊಟ್ಟವರಲ್ಲಿ ಅವನ ಸ್ವಂತ ಮಗ ಕ್ಲೌಸ್ ಕೂಡ ಇದ್ದ. ಹೊರಗೆ ಬೆಂಚಿನ ಮೇಲೆ ಕೂತ ಅಪ್ಪಂದಿರಿಗೆ ಈ ಕಥೆ ಹೇಳಿದರೆ ಅರ್ಧ ಭಯ ಇಳಿಯುತ್ತದೆ, ಎಂದಳು ಟೆಕ್ನಿಷಿಯನ್. ಈ ತಂತಿಯಿಂದ ತಲೆಯೊಳಕ್ಕೆ ಏನೂ ಹೋಗುವುದಿಲ್ಲ. ಎಲ್ಲ ತಲೆಯಿಂದ ಹೊರಕ್ಕೆ ಬರುವುದೇ.

ಗಿರಗಟ್ಟೆ, ಮಿಂಚು, ನಿದ್ದೆ

ದಾಖಲೆ ಶುರುವಾಯಿತು. ಪರದೆಯ ಮೇಲೆ ಎಡದಿಂದ ಬಲಕ್ಕೆ ಗೆರೆಗಳು ಓಡುತ್ತಿವೆ. ಹುಡುಗ ಕಣ್ಣು ಪಿಳುಕಿಸಿದರೆ ಮುಂದಲೆಯ ಗೆರೆಗಳು ಗುಡ್ಡದಂತೆ ಏಳುತ್ತವೆ. ಹಲ್ಲು ಕಚ್ಚಿದರೆ ಪೊದೆ ಬೆಳೆದಂತೆ ಕಪ್ಪಾಗುತ್ತವೆ. ಕಣ್ಣು ಮುಚ್ಚಿಸಿದೊಡನೆ ಹಿಂದಲೆಯಲ್ಲಿ ಒಂದು ಸಮನಾದ ಲಯ ಹುಟ್ಟಿತು. ದೊಡ್ಡವರಲ್ಲಿ ಸೆಕೆಂಡಿಗೆ ಎಂಟರಿಂದ ಹದಿಮೂರು ಸಲ ಏರಿಳಿಯುವ ಇದಕ್ಕೆ ಆಲ್ಫಾ ಎಂದು ಹೆಸರಿಟ್ಟವನು ಬರ್ಗರನೇ. ಎಳೆಯ ಮಕ್ಕಳಲ್ಲಿ ಇದು ಇನ್ನೂ ನಿಧಾನ. ವಯಸ್ಸಿನ ಜೊತೆ ಚುರುಕಾಗುತ್ತದೆ. ಹಾಗಾಗಿ ಮೂರು ತಿಂಗಳ ಕೂಸಿನಲ್ಲಿ ಸರಿಯಾದದ್ದು ಹತ್ತು ವರ್ಷದ ಹುಡುಗನಲ್ಲಿ ತಪ್ಪು. ಮಕ್ಕಳ ಇಇಜಿ ಓದುವುದೇ ಬೇರೆ ವಿದ್ಯೆ.

ಆಮೇಲೆ ಹುಡುಗನ ಕೈಗೆ ಕಾಗದದ ಗಿರಗಟ್ಟೆ ಕೊಟ್ಟಳು. ಮೂರು ನಿಮಿಷ ಬಿಡದೆ ಊದಬೇಕು. ಜಾತ್ರೆಯ ಆಟದಂತೆ ಕಾಣುವ ಇದು ಪರೀಕ್ಷೆಯ ಮುಖ್ಯ ಭಾಗ. ಜೋರಾಗಿ ಉಸಿರಾಡಿದಾಗ ರಕ್ತದ ಇಂಗಾಲಾಮ್ಲ ಇಳಿದು, ಒಂದು ಬಗೆಯ ಮೂರ್ಛೆ ಇರುವ ಮಕ್ಕಳಿಗೆ ಅದು ಕಣ್ಣೆದುರೇ ಬರುತ್ತದೆ. ಮಗು ಬೀಳುವುದಿಲ್ಲ, ನಡುಗುವುದಿಲ್ಲ. ಊದುತ್ತಿದ್ದದ್ದು ನಿಲ್ಲಿಸಿ ಹತ್ತು ಸೆಕೆಂಡು ಶೂನ್ಯಕ್ಕೆ ನೋಡಿ, ಮತ್ತೆ ಊದುತ್ತದೆ. ಆ ಹತ್ತು ಸೆಕೆಂಡು ಪರದೆಯ ಎಲ್ಲ ಗೆರೆಗಳೂ ಒಟ್ಟಿಗೆ, ಸೆಕೆಂಡಿಗೆ ಮೂರರಂತೆ, ಮೊನೆ ಮತ್ತು ಅಲೆಯಾಗಿ ಕುಣಿಯುತ್ತವೆ. 1935ರಲ್ಲಿ ಬಾಸ್ಟನ್ನಿನ ಗಿಬ್ಸ್, ಡೇವಿಸ್, ಲೆನಾಕ್ಸ್ ಮೊದಲು ಬಣ್ಣಿಸಿದ ಗುರುತು ಇದು. ತರಗತಿಯಲ್ಲಿ ಇದಕ್ಕಿರುವ ಹೆಸರು ಬೇರೆ: ಗಮನ ಕೊಡದ ಹುಡುಗ. ಡೈರಿಯಲ್ಲಿ ಟೀಚರು ಕೆಂಪು ಶಾಯಿಯಲ್ಲಿ ಬರೆದು ಕಳಿಸುತ್ತಾರೆ, ಅಪ್ಪ ಬೆನ್ನಿಗೊಂದು ಗುದ್ದುತ್ತಾನೆ, ದಿನಕ್ಕೆ ಹತ್ತಾರು ಸಲ ಬರುವ ಮೂರ್ಛೆ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಗಿರಗಟ್ಟೆಯ ನಂತರ ದೀಪ. ಕಣ್ಣಿನ ಮುಂದೆ ನಿಧಾನದಿಂದ ಜೋರಿಗೆ ಮಿನುಗುವ ಬೆಳಕು. ಕೆಲವು ಮಕ್ಕಳ ಮಿದುಳು ಈ ಮಿನುಗಿಗೆ ಸಿಕ್ಕಿಬೀಳುತ್ತದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಹೊಡೆದಾಗ ಸುಮಾರು 700 ಮಂದಿ, ಹೆಚ್ಚಾಗಿ ಮಕ್ಕಳು, ಆಸ್ಪತ್ರೆ ಸೇರಿದ್ದರು.

ಕೊನೆಗೆ ನಿದ್ದೆ. ಎಷ್ಟೋ ಮಕ್ಕಳ ಮಿದುಳು ತನ್ನ ಗುಟ್ಟು ಬಿಡುವುದು ಜೋಂಪು ಹತ್ತುವಾಗ, ಗಾಢ ನಿದ್ದೆಗೆ ಜಾರುವಾಗ. ರಾತ್ರಿ ಎಚ್ಚರ ಇರಿಸಿ ಕರೆತನ್ನಿ ಅನ್ನುವುದು ಅದಕ್ಕೆ. ಟೆಕ್ನಿಷಿಯನ್ ದೀಪ ಆರಿಸಿ, "ಬಾಳಾ, ಶಾಂತ್ ಝೋಪ್," ಮಗೂ, ನೆಮ್ಮದಿಯಾಗಿ ಮಲಗು, ಅಂದಳು. ತಾಯಿ ಮಗನ ಪಕ್ಕ ಕೂತು ಬೆನ್ನು ತಟ್ಟತೊಡಗಿದಳು. ಪರದೆಯ ಮೇಲೆ ತಟಕ್ಕನೆ ಸಾಲು ಅಲೆಗಳು ಎದ್ದವು, ಒಂದರ ಹಿಂದೆ ಒಂದು, ಬಲು ಕ್ರಮವಾಗಿ. ನನಗೆ ಎದೆ ಧಸಕ್ಕೆಂದಿತು. ಟೆಕ್ನಿಷಿಯನ್ ನಕ್ಕು ಅದರ ಕೆಳಗೆ ಒಂದು ಟಿಪ್ಪಣಿ ಟೈಪು ಮಾಡಿದಳು: ತಾಯಿ ತಟ್ಟುತ್ತಿದ್ದಾಳೆ. ಈ ಟಿಪ್ಪಣಿ ಬರೆಯದಿದ್ದರೆ, ಆಮೇಲೆ ಬೇರೆಲ್ಲೋ ಕೂತು ಓದುವವರು ಅದನ್ನು ಮೂರ್ಛೆಯ ಅಲೆ ಎಂದು ಮೋಸಹೋಗಬಹುದಂತೆ. ಕೈ ತೆಗೆದಾಗ ಅಲೆ ನಿಂತಿತು.

ಯಂತ್ರ ಕಂಡದ್ದು, ಕಾಣದ್ದು

ಪಕ್ಕದ ಕೋಣೆಯಲ್ಲಿ ಮಕ್ಕಳ ನರರೋಗ ತಜ್ಞರು ಬೇರೊಂದು ಮಗುವಿನ ದಾಖಲೆ ಓದುತ್ತಿದ್ದರು. ಎರಡು ವಿಷಯ ಬಿಡಿಸಿ ಹೇಳಿದರು. ಇಇಜಿ ಸರಿಯಾಗಿದೆ ಅಂದಮಾತ್ರಕ್ಕೆ ಮೂರ್ಛೆರೋಗ ಇಲ್ಲ ಎಂದಲ್ಲ. ರೋಗವಿದ್ದವರಲ್ಲೂ ಸುಮಾರು ಅರ್ಧದಷ್ಟು ಜನರ ಮೊದಲ ದಾಖಲೆ ಸ್ವಚ್ಛವಾಗಿಯೇ ಬರುತ್ತದೆ. ಇಇಜಿಯಲ್ಲಿ ಮೊನೆಗಳು ಕಂಡವು ಅಂದಮಾತ್ರಕ್ಕೆ ರೋಗ ಇದೆ ಎಂದೂ ಅಲ್ಲ. ಎಂದೂ ಮೂರ್ಛೆ ಬಾರದ ಕೆಲವು ಮಕ್ಕಳಲ್ಲೂ ಅವು ಕಾಣುತ್ತವೆ. ದಿನವೊಂದಕ್ಕೆ ನಲವತ್ತೆಂಟು ಅರ್ಧ ಗಂಟೆಗಳು. ಯಂತ್ರ ನೋಡುವುದು ಒಂದನ್ನು. ಉಳಿದ ನಲವತ್ತೇಳನ್ನು ನೋಡುವವರು ಮನೆಯವರು. ದಿನಗಟ್ಟಲೆ ಆಸ್ಪತ್ರೆಯಲ್ಲೇ ಇರಿಸಿಕೊಂಡು ವಿಡಿಯೋ ಸಮೇತ ಇಇಜಿ ತೆಗೆಯುವ ಏರ್ಪಾಡು ದೊಡ್ಡ ಆಸ್ಪತ್ರೆಗಳಲ್ಲಿ ಉಂಟು. ಅದೂ ಎಲ್ಲರಿಗೂ ಬೇಕಾಗುವುದಿಲ್ಲ.

ಹಾಗಾಗಿ ಈ ವೈದ್ಯರು ತಾಯಂದಿರಲ್ಲಿ ಮೊದಲು ಕೇಳುವುದು ಮೊಬೈಲಿನಲ್ಲಿ ಹಿಡಿದ ವಿಡಿಯೋವನ್ನು. ಉದಾಹರಣೆಗೆ, ಎಂಟು ತಿಂಗಳ ಕೂಸು ನಿದ್ದೆಯಿಂದ ಎದ್ದೊಡನೆ ತಲೆ ಬಗ್ಗಿಸಿ, ಎರಡೂ ಕೈ ಚಾಚಿ, ಒಂದರ ಹಿಂದೆ ಒಂದರಂತೆ ಹತ್ತಾರು ಸಲ ಕುಗ್ಗುತ್ತದೆ. ಹೊಟ್ಟೆ ನುಲಿತ ಎಂದು ಓಮದ ನೀರು ಕುಡಿಸುತ್ತಾರೆ, ಬೆಚ್ಚಿದೆ ಎಂದು ದೃಷ್ಟಿ ತೆಗೆಯುತ್ತಾರೆ. ಇದು ವೆಸ್ಟ್ ಸಿಂಡ್ರೋಮ್ ಆಗಿರಬಹುದು. ಮಿದುಳಿನ ಬೆಳವಣಿಗೆಯನ್ನೇ ತಡೆಯುವ ಮೂರ್ಛೆ, ಚಿಕಿತ್ಸೆ ತಡವಾದಷ್ಟೂ ನಷ್ಟ. 1841ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ವಿಲಿಯಂ ಜೇಮ್ಸ್ ವೆಸ್ಟ್ ಎಂಬ ವೈದ್ಯ ಇದನ್ನು ಪತ್ರದಲ್ಲಿ ಬರೆದು, ಯಾರಿಗಾದರೂ ತಿಳಿದಿದ್ದರೆ ಹೇಳಿ ಎಂದು ಅಂಗಲಾಚಿದ. ಬರೆದದ್ದು ತನ್ನ ಮಗನ ಬಗ್ಗೆಯೇ. ಇಇಜಿ ಹುಟ್ಟುವುದಕ್ಕೆ ಎಂಬತ್ತು ವರ್ಷ ಮೊದಲು ಅವನ ಬಳಿ ಇದ್ದ ಸಲಕರಣೆ ತಂದೆಯ ಕಣ್ಣು. ಇಂದಿಗೂ ಆ ರೋಗಕ್ಕೆ ಅವನ ಹೆಸರೇ.

ಇನ್ನೊಂದು ಭಯವನ್ನೂ ವೈದ್ಯರು ಬಿಡಿಸಿದರು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಜ್ವರ ಏರಿದಾಗ ಬರುವ ಫಿಟ್ಸು ಮೂರ್ಛೆರೋಗವಲ್ಲ. ಬಹುತೇಕ ಮಕ್ಕಳು ಅದನ್ನು ದಾಟಿ ಬೆಳೆಯುತ್ತಾರೆ. ನಮ್ಮ ದೇಶದಲ್ಲಿ ಮಕ್ಕಳ ಮೂರ್ಛೆಗೆ ಬೇರೆ ದೊಡ್ಡ ಕಾರಣಗಳಿವೆ. ಹೆರಿಗೆಯ ಹೊತ್ತಿನಲ್ಲಿ ಉಸಿರುಗಟ್ಟುವುದು, ಹುಟ್ಟಿದ ಕೂಸಿನ ಸಕ್ಕರೆ ಕುಸಿಯುವುದು, ಮಿದುಳಿಗೆ ಹತ್ತುವ ಸೋಂಕು, ತೊಳೆಯದ ತರಕಾರಿಯಿಂದ ಹೊಟ್ಟೆ ಸೇರಿ ಮಿದುಳಿನಲ್ಲಿ ಗೂಡು ಕಟ್ಟುವ ಲಾಡಿಹುಳುವಿನ ಮರಿ. ಇವುಗಳಲ್ಲಿ ಬಹಳಷ್ಟು ತಡೆಯಬಹುದಾದ್ದು ಎಂದು ಹೇಳುವಾಗ ಅವರ ದನಿಯಲ್ಲಿ ಬೇಸರವಿತ್ತು.

ಮೂರನೆಯ ಚೊಂಬು

ಹೊರಗೆ ಬಂದರೆ ಅಜ್ಜಿ ನನಗಾಗಿ ಜಾಗ ಹಿಡಿದು ಕೂತಿದ್ದರು. ಮೊಮ್ಮಗ ಊಟಕ್ಕೆ ಕೂತಾಗ, ಪಾಠ ಓದುವಾಗ ಹಾಗೇ ನಿಂತುಬಿಡುತ್ತಾನಂತೆ. ಹೇಳುತ್ತ ಹೇಳುತ್ತ ದನಿ ತಗ್ಗಿಸಿದರು.

"ನಮ್ಮಣ್ಣನಿಗೂ ಹಿಂಗೇ ಒಂದು ಇತ್ತು ಕಣಪ್ಪ. ಆದ್ರೆ ಅವನಿಗೆ ಬಚ್ಚಲಲ್ಲಿ ಮಾತ್ರ. ನಮ್ಮವ್ವ ಹಂಡೆಯಿಂದ ಮೊಗೆಮೊಗೆದು ತಲೆ ಮೇಲೆ ಉಯ್ತಿದ್ರೆ ಮೂರನೇ ಚೊಂಬಿಗೋ ನಾಕನೇ ಚೊಂಬಿಗೋ ಕಣ್ಣು ಮೇಲಕ್ಕೆ ಸಿಗಾಕಳ್ಳೋದು. ಬಚ್ಚಲಲ್ಲಿ ಗಾಳಿ ಮೆಟ್ಕಂಡದೆ ಅಂತ ಬೇವಿನ ಸೊಪ್ಪಲ್ಲಿ ಹೊಡ್ಸಿದ್ರು."

"ಡಾಕ್ಟರಿಗೆ ಹೇಳಿದ್ರಾ ಅಮ್ಮಾ?"

"ಅವರು ಕೇಳಿದ್ದು ಹಿಂದೀಲಿ, ಮಗಳು ಹೇಳಿದ್ದು ಇಂಗ್ಲಿಷಲ್ಲಿ. ನನ್ನನ್ಯಾರು ಕೇಳಿದ್ರು? ಮಗಳಿಗೂ ಗೊತ್ತಿಲ್ಲ ಬುಡು. ಆಚೆ ಬಾಯಿ ಬಿಡಬ್ಯಾಡ ಅಂದಿದ್ಲು ನಮ್ಮವ್ವ."

ಅಜ್ಜಿಯ ಅಣ್ಣನಿಗೆ ಬರುತ್ತಿದ್ದದ್ದು ಯಾವುದೆಂದು ಹೇಳಲು ನಾನು ವೈದ್ಯನಲ್ಲ. ಆದರೆ ಅವರು ಬಣ್ಣಿಸಿದ್ದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ, ಮತ್ತು ಆ ಹೆಸರಿನ ಹಿಂದೆ ನಮ್ಮ ಕರ್ನಾಟಕವೇ ಇದೆ. ಬಿಸಿನೀರಿನ ಅಪಸ್ಮಾರ. 1945ರಲ್ಲಿ ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯ ಒಬ್ಬ ಹುಡುಗನಲ್ಲಿ ಇದನ್ನು ಕಂಡು ಬರೆದ. ಪಶ್ಚಿಮದವರಿಗೆ ಅದೊಂದು ವಿಚಿತ್ರ, ಎಲ್ಲೋ ಒಂದು. ಬೆಂಗಳೂರಿನಲ್ಲಿ ಡಾ. ಕೆ.ಎಸ್. ಮಣಿ 1968ರಲ್ಲಿ ಮೊದಲ ವರದಿ ಬರೆದರು. 1972ರಲ್ಲಿ 60 ರೋಗಿಗಳ ಲಕ್ಷಣವನ್ನೂ ಇಇಜಿಯನ್ನೂ ಸೇರಿಸಿ ಪ್ರಕಟಿಸಿದರು. ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರಾದ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1980ರಿಂದ 1983ರೊಳಗೆ ತಮ್ಮಲ್ಲಿಗೆ ಬಂದ 279 ಮಂದಿಯನ್ನು ಅಧ್ಯಯನ ಮಾಡಿ 1988ರಲ್ಲಿ ಎಪಿಲೆಪ್ಸಿಯ ಎಂಬ ಪತ್ರಿಕೆಯಲ್ಲಿ ಬರೆದರು. ಗಂಡುಮಕ್ಕಳೇ ಹೆಚ್ಚು, ಬಹಳಷ್ಟು ಜನರಿಗೆ ಶುರುವಾದದ್ದು ಬಾಲ್ಯದಲ್ಲಿ.

ನಮ್ಮಲ್ಲೇ ಯಾಕೆ? ಉತ್ತರ ಬಚ್ಚಲಲ್ಲೇ ಇತ್ತು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಎಣ್ಣೆ ತಿಕ್ಕಿ, ಹಂಡೆಯಲ್ಲಿ ಕುದಿಯಹತ್ತಿದ ನೀರಿಗೆ ಚೂರು ತಣ್ಣೀರು ಬೆರೆಸಿ, ನಲವತ್ತರಿಂದ ಐವತ್ತು ಡಿಗ್ರಿಯ ನೀರನ್ನು ಚೊಂಬು ಚೊಂಬಾಗಿ ನೇರ ನೆತ್ತಿಗೆ ಸುರಿಯುವುದು ನಮ್ಮ ಅಭ್ಯಂಜನ. ದೀಪಾವಳಿಗೆ ನೀರು ತುಂಬುವ ಹಬ್ಬ ಮಾಡಿ ಆ ಹಂಡೆಗೇ ಪೂಜೆ. ಮೈಗೆ ಸುರಿದರೆ ಏನೂ ಆಗದ ಮಗುವಿಗೆ ನೆತ್ತಿಗೆ ಸುರಿದಾಗ ಕಣ್ಣು ನಿಲ್ಲುತ್ತದೆ, ಮಾತು ತೊದಲುತ್ತದೆ, ಕೆಲವೊಮ್ಮೆ ಇಡೀ ಮೈ ಸೆಡೆಯುತ್ತದೆ. ಕೆಲವು ಮಕ್ಕಳಿಗೆ ಆ ಕ್ಷಣ ಹಿತವಾಗಿ, ಬೇಡವೆಂದರೂ ಸುರಿದುಕೊಳ್ಳುತ್ತಲೇ ಇರುತ್ತಾರೆ. ತುಂಟತನವೆಂದು ಬೈಸಿಕೊಳ್ಳುತ್ತಾರೆ.

ಇಲ್ಲೇ ಯಂತ್ರ ಸೋತದ್ದು. ನೀರು ಸುರಿಯುತ್ತಿರುವಾಗ ತಲೆಗೆ ತಂತಿ ಅಂಟಿಸಿ ದಾಖಲೆ ತೆಗೆಯುವುದು ಎಂಥ ಪೇಚಾಟ ಎಂದು ಊಹಿಸಬಹುದು. ಬೇರೆ ಹೊತ್ತಿನಲ್ಲಿ ತೆಗೆದರೆ ಬಹುಪಾಲು ಜನರ ಇಇಜಿ ಸಹಜವಾಗಿಯೇ ಇರುತ್ತದೆ. ಅಂದರೆ ಈ ರೋಗವನ್ನು ಮೊದಲು ಹಿಡಿದದ್ದು ಗೆರೆಗಳಲ್ಲ. ಮಗುವಿಗೆ ನೀರು ಹಾಕುವಾಗ ಏನಾಯಿತು, ಎಷ್ಟು ಬಿಸಿ ಇತ್ತು, ಎಷ್ಟನೇ ಚೊಂಬು ಎಂದು ತಾಯಂದಿರನ್ನು ಕೇಳಿದ ಪ್ರಶ್ನೆ, ಅವರು ನಾಚದೆ ಕೊಟ್ಟ ಉತ್ತರ.

ಸಂಶೋಧನೆ ಅಲ್ಲಿಗೆ ನಿಲ್ಲಲಿಲ್ಲ. ಮಣಿಯವರು ಆಸ್ಪತ್ರೆ ಬಿಟ್ಟು ಹಳ್ಳಿಗೆ ನಡೆದರು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರು ತಾಲ್ಲೂಕಿನ ಸುಮಾರು 65 ಸಾವಿರ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದಾಗ ಸಾವಿರಕ್ಕೆ ನಾಲ್ಕೂವರೆಯಷ್ಟು ಮಂದಿಗೆ ಮೂರ್ಛೆರೋಗ ಸಿಕ್ಕಿತು. ಅವರಲ್ಲಿ ನೂರಕ್ಕೆ ಏಳರಷ್ಟು ಬಿಸಿನೀರಿನದು. ಗಾರ್ಡಿನಾಲ್ ಎಂದು ನಮಗೆ ಗೊತ್ತಿರುವ ಫಿನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಮೂರ್ಛೆ ಹಿಡಿತಕ್ಕೆ ಬರುತ್ತದೆಂದು ಐದು ವರ್ಷ ಬೆನ್ನುಹತ್ತಿ ತೋರಿಸಿದ ಅವರ ವರದಿ 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ವೆಸ್ಟ್ ತನ್ನ ಮಗನ ಬಗ್ಗೆ ಬರೆದ ಅದೇ ಪತ್ರಿಕೆ. ನಿಮ್ಹಾನ್ಸ್‌ನಲ್ಲಿ ಜಿ.ಆರ್. ಉಳ್ಳಾಲ್, ಸತೀಶ್ಚಂದ್ರ, ಎಸ್.ಕೆ. ಶಂಕರ್ ಇಲಿಗಳಿಗೆ ಬಿಸಿನೀರು ಹಾಕಿ 1996ರಲ್ಲಿ ಪ್ರಯೋಗದ ಮಾದರಿ ಕಟ್ಟಿದರು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ಈ ರೋಗ ಬಳುವಳಿಯಾಗಿ ಬಂದ ಕುಟುಂಬಗಳ ರಕ್ತ ಪರೀಕ್ಷಿಸಿ, 2009ರಲ್ಲಿ 10ನೇ ಮತ್ತು 4ನೇ ವರ್ಣತಂತುಗಳಲ್ಲಿ ಅದರ ಜಾಡು ಗುರುತಿಸಿತು. ಬಿಸಿ ತಡೆಯುವ ಶಕ್ತಿಯಲ್ಲೇ ಏನೋ ಹುಟ್ಟುಕೊರತೆ, ಅದಕ್ಕೆ ನೆತ್ತಿಯ ನೀರು ಕಿಡಿ ಹಚ್ಚುತ್ತದೆ ಎಂಬುದು ಒಟ್ಟು ತಿಳಿವಳಿಕೆ.

ಚಿಕಿತ್ಸೆಯೂ ಹಲವರಿಗೆ ಸರಳ. ನೀರಿನ ಬಿಸಿ ತಗ್ಗಿಸುವುದು, ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಅಷ್ಟಕ್ಕೂ ಬಗ್ಗದಿದ್ದರೆ ವೈದ್ಯರು ಬರೆದುಕೊಟ್ಟಂತೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ. ಕೆಲವರಿಗೆ ಮುಂದೆ ನೀರಿಲ್ಲದೆಯೂ ಮೂರ್ಛೆ ಬರಬಹುದಾದ್ದರಿಂದ ವೈದ್ಯರ ಕಣ್ಣು ತಪ್ಪಿಸಬಾರದು. ಘೋಡಬಂದರ್ ರಸ್ತೆಯ ಇಪ್ಪತ್ತನೇ ಮಾಳಿಗೆಯಲ್ಲಿ ಹಂಡೆ ಇಲ್ಲ, ಗೀಸರಿದೆ. ನೆತ್ತಿಗೆ ಹೊಯ್ಯುವ ಮಗ್ಗು ಮಾತ್ರ ಊರಿಂದ ಜೊತೆಗೇ ಬಂದಿದೆ.

ಈ ಕಥೆಯಲ್ಲಿ ಮುಂಬೈಗೂ ಪಾಲಿದೆ. ಸತೀಶ್ಚಂದ್ರರ ಲೇಖನ ಬಂದ 1988ರಲ್ಲೇ, ಅದೇ ಎಪಿಲೆಪ್ಸಿಯ ಪತ್ರಿಕೆಯಲ್ಲಿ, ಮುಂಬೈಯ ಭರೂಚಾ ಕುಟುಂಬದ ವೈದ್ಯರು ಬರೆದ ಪಾರ್ಸಿ ಸಮುದಾಯದ ಸಮೀಕ್ಷೆಯೂ ಬಂತು. 14 ಸಾವಿರ ಪಾರ್ಸಿಗಳಲ್ಲಿ ಸಾವಿರಕ್ಕೆ 4.7 ಮಂದಿಗೆ ಎಂದಾದರೊಮ್ಮೆ ಮೂರ್ಛೆರೋಗ ಇತ್ತು ಎಂದು ಅದು ಲೆಕ್ಕ ಕೊಟ್ಟಿತು. ಎರಡೂ ಲೇಖನಗಳಲ್ಲಿ ಅಮೆರಿಕದ ಬ್ರೂಸ್ ಶೋನ್‌ಬರ್ಗ್ ಸಹಲೇಖಕ. ಒಂದು ಕಡೆ ಹಂಡೆಯ ಕಥೆ, ಇನ್ನೊಂದು ಕಡೆ ಪಾರ್ಸಿ ಕಾಲೊನಿಯ ಲೆಕ್ಕ. ಎರಡಕ್ಕೂ ಜನರ ಎದುರು ಕೂತು, ಕೇಳಬೇಕಾಗಿ ಬಂದಿತ್ತು.

ಬಾಯಿ ಬಿಟ್ಟದ್ದು

ಹುಡುಗನ ತಲೆಯ ಅಂಟು ಒರೆಸಿ ತಾಯಿ ಹೊರಗೆ ಬಂದಳು. ನಾನು ನಡುವೆ ಬಾಯಿ ಹಾಕಲೋ ಬೇಡವೋ ಎಂದು ಅಳುಕುತ್ತಿದ್ದೆ. ಅಜ್ಜಿಯೇ, "ನಾನೊಂದು ಮಾತು ಡಾಕ್ಟರ್‌ಗೆ ಹೇಳಬೇಕು ಕಣವ್ವ, ಇವ್ರು ಜೊತೀಗೆ ಬರ್ತಾರೆ," ಅಂದರು. ಅಜ್ಜಿ ಮಂಡ್ಯದ ಕನ್ನಡದಲ್ಲಿ ಹೇಳಿದರು, ನಾನು ನನ್ನ ಡೊಂಬಿವಲಿ ಹಿಂದಿಯಲ್ಲಿ ದಾಟಿಸಿದೆ. ವೈದ್ಯರು ಲೇಖನಿ ಕೆಳಗಿಡದೆ ಬರೆದುಕೊಂಡರು. ಅಜ್ಜಿಯನ್ನು ಆಜೀ ಎಂದು ಕರೆದು ಎದುರಿನ ಕುರ್ಚಿಗೆ ಕೂರಿಸಿದರು. ಅಣ್ಣನಿಗಿದ್ದದ್ದು ಮೊಮ್ಮಗನಿಗೂ ಇದೆ ಎಂದೇನಲ್ಲ, ಇಬ್ಬರದೂ ಬೇರೆ ಬೇರೆ ಇರಬಹುದು. ಆದರೆ ಮನೆತನದಲ್ಲಿ ಮೂರ್ಛೆ ಇತ್ತು ಎಂಬ ಒಂದು ಸಾಲು ತಮ್ಮ ಕಾಗದದಲ್ಲಿ ಇರಲಿಲ್ಲ, ಈಗ ಬಂತು ಅಂದರು. ಆಮೇಲೆ ಹುಡುಗನನ್ನು ಕೇಳಿದರು: ಸ್ನಾನಕ್ಕೆ ಶವರೋ, ಮಗ್ಗೋ? ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಅರವತ್ತು ವರ್ಷ ಮುಚ್ಚಿಟ್ಟದ್ದು ಹತ್ತು ನಿಮಿಷದಲ್ಲಿ ಮುಗಿದಿತ್ತು.

ಮುಚ್ಚಿಡುವುದಕ್ಕೆ ಕಾರಣಗಳೂ ಇದ್ದವು ಎನ್ನಬೇಕು. 1999ರವರೆಗೆ ಹಿಂದೂ ವಿವಾಹ ಕಾಯ್ದೆಯಲ್ಲೇ ಅಪಸ್ಮಾರವನ್ನು ಹುಚ್ಚಿನ ಜೊತೆ ಸೇರಿಸಿ ಮದುವೆಗೆ ಅಡ್ಡಿಯೆಂದು ಬರೆದಿತ್ತು. ಆ ವರ್ಷದ ತಿದ್ದುಪಡಿ ಆ ಪದವನ್ನು ತೆಗೆದುಹಾಕಿತು. ಕಾಯ್ದೆಯಿಂದ ಹೋದದ್ದು ಮನೆಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ಜಗತ್ತಿನಲ್ಲಿ ಸುಮಾರು ಐದು ಕೋಟಿ ಜನರಿಗೆ ಈ ರೋಗವಿದೆ. ಸರಿಯಾಗಿ ಗುರುತಿಸಿ ಔಷಧಿ ಕೊಟ್ಟರೆ ನೂರಕ್ಕೆ ಎಪ್ಪತ್ತರವರೆಗೆ ಜನ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನವೆಂಬರ್ 17 ನಮ್ಮ ರಾಷ್ಟ್ರೀಯ ಅಪಸ್ಮಾರ ದಿನ. ಆ ದಿನ ಶಾಲೆಗಳಲ್ಲಿ ಮಾಡುವ ಭಾಷಣಕ್ಕಿಂತ, ಗಮನ ಕೊಡದ ಹುಡುಗನನ್ನು ಟೀಚರೊಬ್ಬರು ಒಮ್ಮೆ ದಿಟ್ಟಿಸಿ ನೋಡಿದರೆ ಹೆಚ್ಚು ಲಾಭ.

ಓದುಗರಿಗೆ ಬಾಗಿಲ ಬಳಿಯ ಹಲಗೆಯಷ್ಟೇ ಚಿಕ್ಕದಾಗಿ ಹೇಳುವೆ. ಮಗುವಿಗೆ ಮೂರ್ಛೆ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ ಬೇಡ, ಮೂಗಿಗೆ ಈರುಳ್ಳಿ ಬೇಡ, ಬಾಯಿಗೆ ನೀರೂ ಬೇಡ, ಚಮಚವೂ ಬೇಡ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ಕೈ ಬಿಡುವಿದ್ದರೆ ಮೊಬೈಲಿನಲ್ಲಿ ಚಿತ್ರ ಹಿಡಿಯಿರಿ. ಕಣ್ಣು ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಅದುರಿತು, ಆಗ ಏನು ಮಾಡುತ್ತಿತ್ತು, ಎಲ್ಲವನ್ನೂ ಬರೆದಿಡಿ. ಇಇಜಿಗೆ ಹೋಗುವ ಮುನ್ನ ತಲೆಯ ಎಣ್ಣೆ ತೊಳೆಯಿರಿ. ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ.